ಸುದ್ದಿಯ ಸತ್ಯ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ವೃತ್ತಪತ್ರಿಕಾಧರ್ಮ

ಮಾನವನಿಗೆ ಪರಮೇಶ್ವರನು ಅನುಗ್ರಹಿಸಿದ ಸಂಪತ್ತುಗಳಲ್ಲಿ ವಾಕ್ಸಂಪತ್ತು ಮುಖ್ಯವಾದುದು. ಧನವು ಕಳೆದರೆ ಮರಳಿ ಗಳಿಸಬಹುದು. ಬಾಯಿಂದ ಹೊರಟ ಮಾತನ್ನು ಮರಳಿ ಪಡೆಯುವುದು ಯಾರಿಂದಲೂ ಆಗದು. ಆದಕಾರಣವೇ ಶಿವಶರಣರು ನುಡಿಯನ್ನು ನಡೆಯ ಒರೆಗಲ್ಲಿಗೆ ತಿಕ್ಕಿ ನೋಡಿ, ಒರೆಗೆ ನಿಲ್ಲದ ನುಡಿಯನ್ನು ದೂರವಿಟ್ಟರು. ಒಬ್ಬನ ಬಾಯಿಂದ ಮತ್ತೊಬ್ಬನ ಕಿವಿಗೆ ಹೋಗುವ ಮಾತಿಗೇ ಇಷ್ಟು ಎಚ್ಚರಿಕೆ ಬೇಕೆಂದ ಬಳಿಕ, ಏಕಕಾಲದಲ್ಲಿ ಲಕ್ಷಾಂತರ ಮನೆಗಳನ್ನು ಹೊಗುವ ವೃತ್ತಪತ್ರಿಕೆಯ ಮಾತಿಗೆ ಎಷ್ಟು ಎಚ್ಚರಿಕೆ ಬೇಕೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಮಠದ ಮಹೋತ್ಸವದ ಸ್ಮರಣಗ್ರಂಥದಲ್ಲಿ ವೃತ್ತಪತ್ರಿಕೆಯ ವಿಚಾರವೇತಕ್ಕೆಂದು ಕೆಲವರು ಶಂಕಿಸಬಹುದು. ಮಠಗಳು ಅನ್ನದಾನ, ವಿದ್ಯಾದಾನಗಳೊಡನೆ ಸತ್ಯವನ್ನು ಕಾಯುವ ಹೊಣೆಯನ್ನೂ ಹೊತ್ತು ಬಂದಿವೆ. ಇಂದು ಭಕ್ತರ ಮನೆಗಳಲ್ಲಿ ಪ್ರಾತಃಕಾಲದ ಇಷ್ಟಲಿಂಗಪೂಜೆಗಿಂತ ಮೊದಲೇ ಸುದ್ದಿಯು ಒಳಹೊಗುತ್ತಿದೆ. ಹಾಗೆ ಒಳಬಂದುದು ಶುದ್ಧವೋ ಅಶುದ್ಧವೋ ಎಂಬುದು ಮಠಕ್ಕೂ ಭಕ್ತರಿಗೂ ಸಂಬಂಧಿಸಿದ ವಿಷಯವೇ ಸರಿ. 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ತಾಲೂಕುಗಳು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದೇ. ದೂರದೇಶಗಳಿಂದ ಬಂದ ಪತ್ರಿಕಾನೀತಿಯೂ ಈ ನೆಲದ ಸಂಪ್ರದಾಯವೂ ಈ ಐದು ತಾಲೂಕುಗಳಲ್ಲಿ ಎಲ್ಲಿ ಕೂಡಿದವು, ಎಲ್ಲಿ ತಪ್ಪಿದವು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅಚ್ಚಿನ ಯಂತ್ರವು ಬರುವುದಕ್ಕೆ ಮುಂಚೆ ಈ ಸೀಮೆಯಲ್ಲಿ ಸುದ್ದಿಗೆ ನೀತಿಯೇ ಇರಲಿಲ್ಲವೆಂದು ತಿಳಿಯುವುದು ತಪ್ಪು. ಹರಪನಹಳ್ಳಿಗೆ ಸಮೀಪದ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ 30ಕ್ಕೂ ಮೇಲ್ಪಟ್ಟ ಪ್ರಾಚೀನ ಶಾಸನಗಳಿವೆ. ದಾನಶಾಸನದ ಕ್ರಮವನ್ನು ನೋಡಿದವರಿಗೆ ಒಂದು ವಿಷಯವು ಸ್ಪಷ್ಟವಾಗುವುದು. ಆಳುವ ಅರಸನು ಯಾರು, ಶಕವರ್ಷ ತಿಥಿ ವಾರಗಳು ಯಾವುವು, ಕೊಟ್ಟವನು ಯಾರು, ಪಡೆದವನು ಯಾರು, ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ, ಯಾರ ಸಮಕ್ಷಮದಲ್ಲಿ ಕೊಟ್ಟುದು ಎಂಬಿಷ್ಟನ್ನೂ ಹೇಳಿ, ಕೊನೆಯಲ್ಲಿ ಅಳಿಪಿದವನಿಗೆ ಶಾಪವನ್ನು ನುಡಿಯುವುದು ಅದರ ಪದ್ಧತಿ. ಹೊಗಳಿಕೆಯ ಭಾಗವು ಬೇರೆ, ಸಂಗತಿಯ ಭಾಗವು ಬೇರೆ. ಅರಸನ ಬಿರುದಾವಳಿಯನ್ನು ಕವಿಯು ಬೇಕಾದಷ್ಟು ಹಿಗ್ಗಿಸಬಹುದಾಗಿತ್ತು. ಗದ್ದೆಯ ಎಲ್ಲೆಯನ್ನು ಒಂದು ಗೇಣು ಹಿಗ್ಗಿಸುವ ಅಧಿಕಾರವು ಅವನಿಗೆ ಇರಲಿಲ್ಲ. ಇಂದಿನ ಬಾತ್ಮೀದಾರನಿಗೆ ಯಾರು, ಏನು, ಎಲ್ಲಿ, ಎಂದು, ಏಕೆ ಎಂಬ ಪ್ರಶ್ನೆಗಳನ್ನು ಕಲಿಸುವರಷ್ಟೆ. ಅವುಗಳಲ್ಲಿ ಬಹುಭಾಗವು ಬಾಗಳಿಯ ಕಲ್ಲುಗಳ ಮೇಲೆ ಸಾವಿರ ವರ್ಷಗಳ ಹಿಂದೆಯೇ ಉತ್ತರ ಪಡೆದಿವೆ.

ಎರಡನೆಯ ನಿದರ್ಶನವು ಹಡಗಲಿ ತಾಲೂಕಿನ ಮೈಲಾರದ ಕಾರ್ಣಿಕ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನ ಮರಡಿಯಲ್ಲಿ, ಉಪವಾಸವ್ರತದಲ್ಲಿದ್ದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಲೇ ಲಕ್ಷಾವಧಿ ಜನರು ಉಸಿರು ಬಿಗಿಹಿಡಿದು ಮೌನ ತಾಳುವರು. ಆ ಮೌನದ ನಡುವೆ ಅವನು ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುವನು. ಅನಂತರ ಮಳೆಯ ಅರ್ಥವನ್ನು ರೈತನೂ, ಧಾರಣೆಯ ಅರ್ಥವನ್ನು ವ್ಯಾಪಾರಿಯೂ, ಅಧಿಕಾರದ ಅರ್ಥವನ್ನು ರಾಜಕಾರಣಿಯೂ ತಂತಮ್ಮ ಮನಸ್ಸಿನಂತೆ ಮಾಡಿಕೊಳ್ಳುವರು. ಕಾರ್ಣಿಕವು ಭವಿಷ್ಯವನ್ನು ಹೇಳುವುದೋ ಇಲ್ಲವೋ ಎಂಬ ಚರ್ಚೆಯು ಇಲ್ಲಿ ಅಪ್ರಕೃತ. ಗಮನಿಸತಕ್ಕ ಅಂಶವೆಂದರೆ ಅದರ ನಿಯಮ. ಮೊದಲು ಮೌನ, ಆಮೇಲೆ ಎಲ್ಲರಿಗೂ ಒಂದೇ ರೀತಿ ಕೇಳಿಸುವ ಮಾತು, ಕೊನೆಗೆ ಬೇರೆ ಬೇರೆ ವ್ಯಾಖ್ಯಾನ. ವ್ಯಾಖ್ಯಾನಕ್ಕೆ ಮಿತಿಯಿಲ್ಲ, ಆದರೆ ವಾಕ್ಯದೊಳಗಿನ ಒಂದು ಅಕ್ಷರವನ್ನು ಬದಲಿಸಿದವನನ್ನು ಜಾತ್ರೆಯ ಜನರು ಒಪ್ಪುವುದಿಲ್ಲ. ಓದುಬರಹ ಬಾರದ ಹಳ್ಳಿಗನೂ ನುಡಿದುದಕ್ಕೂ ಊಹಿಸಿದುದಕ್ಕೂ ಇರುವ ಭೇದವನ್ನು ಈ ಮೈದಾನದಲ್ಲಿ ಕಲಿತಿದ್ದಾನೆ.

ಇಂತಪ್ಪ ನಾಡಿಗೆ ವೃತ್ತಪತ್ರಿಕೆಯು ಸಮುದ್ರದ ಕಡೆಯಿಂದ ಬಂದಿತು. ಜರ್ಮನಿಯ ಹರ್ಮನ್ ಮೋಗ್ಲಿಂಗ್ ಎಂಬ ಬಾಸೆಲ್ ಮಿಷನ್ನಿನ ಪಾದ್ರಿಯು 1836ರಲ್ಲಿ ಮಂಗಳೂರಿಗೆ ಬಂದು ಕನ್ನಡವನ್ನು ಕಲಿತು, 1843ನೆಯ ಜುಲೈ 1ರಂದು ‘ಮಂಗಳೂರ ಸಮಾಚಾರ’ವೆಂಬ ಪಾಕ್ಷಿಕವನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದನು. ಕನ್ನಡದ ಪ್ರಥಮ ವೃತ್ತಪತ್ರಿಕೆಯು ಇದೇ ಆಗಿರುವುದರಿಂದ ಆ ದಿನವನ್ನು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುವರು. ಇದರ ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಸರಕಾರದ ನಿರೂಪ, ಅನ್ಯರಾಜ್ಯಗಳ ಸಮಾಚಾರ ಇವೆಲ್ಲವೂ ಅದರ ನಾಲ್ಕು ಪುಟಗಳೊಳಗೆ ಒಂದರ ಪಕ್ಕದಲ್ಲೊಂದು ಕುಳಿತುವು. ಅಚ್ಚುಮೊಳೆಗಳ ಮುದ್ರಣಕ್ಕೆ ಬಳ್ಳಾರಿಯಲ್ಲಿ ಅನುಕೂಲವಿದ್ದುದರಿಂದ 1844ರಲ್ಲಿ ಪತ್ರಿಕೆಯು ಘಟ್ಟವನ್ನೇರಿ ಬಂದು ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ತಾಳಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವನು 1810ರಲ್ಲಿಯೇ ಬಳ್ಳಾರಿಗೆ ಬಂದು ನೆಲಸಿದ್ದನು. ಹೀಗೆ ಈ ಐದು ತಾಲೂಕುಗಳು ಯಾವ ಬಳ್ಳಾರಿಯ ಆಡಳಿತಕ್ಕೆ ಒಳಪಟ್ಟಿದ್ದುವೋ ಆ ಪಟ್ಟಣವು ಕನ್ನಡ ಪತ್ರಿಕೆಯ ಎರಡನೆಯ ತವರಾಯಿತು. ಊರ ಹೆಸರನ್ನು ಬಿಟ್ಟು ಭಾಷೆಯ ಹೆಸರನ್ನು ಪತ್ರಿಕೆಯು ಧರಿಸಿದುದು ಬಳ್ಳಾರಿಯ ನೆಲದಲ್ಲಿ ಎಂಬುದು ಈ ಸೀಮೆಯವರು ಅಭಿಮಾನಪಡತಕ್ಕ ವಿಷಯ.

ಪಾದ್ರಿಗಳ ಮುಖ್ಯೋದ್ದೇಶವು ತಮ್ಮ ಮತದ ಪ್ರಸಾರವಾಗಿತ್ತೆಂಬುದನ್ನು ಮರೆಮಾಚಬೇಕಾದುದಿಲ್ಲ. ನಮ್ಮ ಪೂಜಾವಿಧಾನಗಳನ್ನು ಅವರು ಕೆಲವೆಡೆ ಅರ್ಥಮಾಡಿಕೊಳ್ಳದೆ ನಿಂದಿಸಿದುದೂ ಉಂಟು. ಆದರೂ ಅದೇ ಮೋಗ್ಲಿಂಗನು ಮುಂದೆ ಕನ್ನಡ ಕಾವ್ಯಗಳ ಮಾಲೆಯೊಂದನ್ನು ಅಚ್ಚುಹಾಕಿಸುವಾಗ ಬಸವಪುರಾಣವನ್ನೂ ಅದರಲ್ಲಿ ಸೇರಿಸಿದನು. ತನ್ನ ಮತಕ್ಕೆ ಅನ್ಯವಾದ ಗ್ರಂಥವನ್ನು ತನ್ನ ಅಭಿಪ್ರಾಯಕ್ಕೆ ತಕ್ಕಂತೆ ತಿದ್ದದೆ, ದೊರೆತ ಪ್ರತಿಯಂತೆ ಪ್ರಕಟಿಸಬೇಕೆಂಬ ಬುದ್ಧಿಯು ಆ ಕಾರ್ಯದ ಹಿಂದೆ ಇತ್ತು. ಒಪ್ಪದ ವಿಷಯವನ್ನೂ ಇದ್ದಂತೆ ತಿಳಿಸುವ ಈ ಬುದ್ಧಿಯೇ ವೃತ್ತಪತ್ರಿಕಾಧರ್ಮದ ಬೀಜ. ಪಾದ್ರಿಯು ಮತವನ್ನು ತಂದನು. ನಾಡು ಆ ಮತವನ್ನು ಬಿಟ್ಟು ಅವನು ತಂದ ಸಾಧನವನ್ನು ಕೈಗೆತ್ತಿಕೊಂಡಿತು.

ಈ ಧರ್ಮಕ್ಕೆ ಪಾಶ್ಚಾತ್ಯದೇಶಗಳಲ್ಲಿ ಸೂತ್ರಪ್ರಾಯವಾದ ರೂಪವನ್ನು ಕೊಟ್ಟವರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯ ಸಂಪಾದಕನಾದ ಸಿ. ಪಿ. ಸ್ಕಾಟ್ ಎಂಬವನು ಪ್ರಸಿದ್ಧನು. ಪತ್ರಿಕೆಯ ನೂರನೆಯ ವರ್ಷವಾದ 1921ರಲ್ಲಿ ಅವನು ಬರೆದ ಲೇಖನದ ಸಾರವು, ಅಭಿಪ್ರಾಯವನ್ನು ಹೇಳಲು ಪತ್ರಿಕೆಯು ಸ್ವತಂತ್ರವಾದರೂ ಸಂಗತಿಯನ್ನು ಮುಟ್ಟಿ ಮಲಿನಗೊಳಿಸಲು ಸ್ವತಂತ್ರವಲ್ಲವೆಂಬುದಾಗಿತ್ತು. ಕರ್ನಾಟಕದಲ್ಲಿ ಡಿ. ವಿ. ಗುಂಡಪ್ಪನವರು ‘ವೃತ್ತಪತ್ರಿಕೆ’ ಎಂಬ ಗ್ರಂಥವನ್ನೇ ರಚಿಸಿ ಪತ್ರಿಕಾಕರ್ತನ ಕರ್ತವ್ಯಗಳನ್ನು ವಿವರಿಸಿದರು. ಸ್ಕಾಟನ ಸೂತ್ರವನ್ನೂ ಮೈಲಾರದ ಬಿಲ್ಲನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡೂ ಹೇಳುವುದು ಒಂದೇ ಎಂದು ಕಾಣುವುದು. ಇಂಗ್ಲೆಂಡಿನವನು ಕಾರ್ಣಿಕವನ್ನು ಕೇಳಿದವನಲ್ಲ. ಗೊರವಯ್ಯನು ಇಂಗ್ಲಿಷ್ ಪತ್ರಿಕೆಯನ್ನು ಓದಿದವನಲ್ಲ. ದೇಶಕಾಲಗಳು ಬೇರೆಯಾದರೂ ಸತ್ಯವನ್ನು ಕಾಯುವ ಉಪಾಯವು ಬೇರೆಯಾಗಲಿಲ್ಲ.

ವೀರಶೈವ ಲಿಂಗಾಯತ ಸಮಾಜದಲ್ಲಿ ಈ ಎರಡು ಧಾರೆಗಳನ್ನು ಒಂದುಗೂಡಿಸಿದ ಮಹನೀಯರೆಂದರೆ ಡಾಕ್ಟರ್ ಫ. ಗು. ಹಳಕಟ್ಟಿಯವರು. ಹಳ್ಳಿಹಳ್ಳಿಗಳ ಮಠಮನೆಗಳಲ್ಲಿದ್ದ ತಾಳೆಗರಿಗಳನ್ನು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದು, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದರು. ಒಂದು ವಚನಕ್ಕೆ ನಾಲ್ಕು ಪ್ರತಿಗಳು ದೊರೆತರೆ ನಾಲ್ಕನ್ನೂ ತೂಗಿ ನೋಡಬೇಕು, ತನಗೆ ರುಚಿಸಿದ ಪಾಠವನ್ನು ಮಾತ್ರ ಹಿಡಿಯಬಾರದು ಎಂಬುದು ಗ್ರಂಥಸಂಪಾದನೆಯ ಧರ್ಮ. ಒಂದು ಘಟನೆಗೆ ನಾಲ್ವರು ಸಾಕ್ಷಿಗಳಿದ್ದರೆ ನಾಲ್ವರನ್ನೂ ಕೇಳಬೇಕು ಎಂಬುದು ಪತ್ರಿಕೆಯ ಧರ್ಮ. ಎರಡೂ ಒಂದೇ ಶ್ರಮದ ಎರಡು ಹೆಸರುಗಳು. ಬಡತನವನ್ನು ಅಪ್ಪಿಕೊಂಡು ಆ ಶ್ರಮವನ್ನು ಅವರು ನಡೆಸಿದುದು ಸರ್ವವಿದಿತ.

ಪರತಂತ್ರಕಾಲದಲ್ಲಿ ಪತ್ರಿಕಾಧರ್ಮಕ್ಕೆ ಮುಖ್ಯವಾದ ಭಯವು ಸರಕಾರದ ಕಡೆಯಿಂದ ಇದ್ದಿತು. 1910ರ ಮುದ್ರಣಶಾಸನವು ಮುದ್ರಣಾಲಯಗಳಿಂದ ಜಾಮೀನು ಹಣವನ್ನು ಕೇಳುವ ಅಧಿಕಾರವನ್ನು ಕೊಟ್ಟಿತು. ಸರಕಾರಕ್ಕೆ ಸೇರದ ಮಾತು ಅಚ್ಚಾದರೆ ಆ ಹಣವು ಮುಟ್ಟುಗೋಲಾಗುತ್ತಿತ್ತು. ಅದರ ಮೇಲೆ ಈ ತಾಲೂಕುಗಳು ಮದರಾಸು ಪ್ರಾಂತದ ಅಂಚಿನಲ್ಲಿ ಸಿಕ್ಕಿಕೊಂಡಿದ್ದುವು. ರಾಜಧಾನಿಯು ನೂರಾರು ಮೈಲಿಗಳ ದೂರದಲ್ಲಿತ್ತು. ಅಲ್ಲಿಯ ಪತ್ರಿಕೆಗಳಿಗೆ ಕೂಡ್ಲಿಗಿಯ ಬರಗಾಲವು ದೂರದೇಶದ ಸುದ್ದಿಯಂತೆಯೇ ಇದ್ದಿತು. 1953ರಲ್ಲಿ ಆಂಧ್ರರಾಜ್ಯವು ರಚಿತವಾಗುವಾಗ ಬಳ್ಳಾರಿಯ ಪ್ರಶ್ನೆಯು ತೀವ್ರವಾಗಿ, ತೆಲುಗರೂ ಕನ್ನಡಿಗರೂ ತಂತಮ್ಮ ಪಕ್ಷವನ್ನು ಸಾಧಿಸತೊಡಗಿದರು. ಮಿಶ್ರ ಆಯೋಗವು ಬಳ್ಳಾರಿ ತಾಲೂಕು ಮೈಸೂರಿಗೆ ಸೇರತಕ್ಕುದೆಂದು ಅಭಿಪ್ರಾಯವಿತ್ತು, ಅದೇ ವರ್ಷದ ಅಕ್ಟೋಬರ್ 1ರಂದು ಈ ಸೀಮೆಯು ಮೈಸೂರು ಸಂಸ್ಥಾನದಲ್ಲಿ ಸೇರಿತು. ಇಂಥ ಕಾಲದಲ್ಲಿ ತನ್ನ ಭಾಷೆಯ ಮೇಲಿನ ಪ್ರೇಮವೇ ಪತ್ರಿಕಾಕರ್ತನಿಗೆ ಪರೀಕ್ಷೆಯಾಗುವುದು. ಪ್ರೇಮವು ಸಂಪಾದಕೀಯದಲ್ಲಿ ನಿಂತರೆ ಗುಣ. ಅದು ಜನಸಂಖ್ಯೆಯ ಅಂಕಿಗಳನ್ನು ತಿದ್ದಹೊರಟರೆ ದೋಷ.

ಈ ಸೀಮೆಯು ಪತ್ರಿಕಾಲೋಕಕ್ಕೆ ಕೊಟ್ಟ ಒಬ್ಬರನ್ನು ಇಲ್ಲಿ ಸ್ಮರಿಸುವುದು ಯುಕ್ತ. ‘ಬೀಚಿ’ಯೆಂದು ಪ್ರಸಿದ್ಧರಾದ ರಾಯಸಂ ಭೀಮಸೇನರಾಯರು 1913ರಲ್ಲಿ ಹರಪನಹಳ್ಳಿಯಲ್ಲಿ ಜನಿಸಿ 1980ರಲ್ಲಿ ದಿವಂಗತರಾದರು. ಪತ್ರಿಕೆಗಳ ಅಂಕಣಗಳಲ್ಲಿ ಅವರು ಬರೆದ ಹಾಸ್ಯವೂ, ‘ತಿಂಮ’ನೆಂಬ ಪಾತ್ರದ ಬಾಯಿಂದ ಆಡಿಸಿದ ಮಾತುಗಳೂ ದೊಡ್ಡವರ ಡಂಭವನ್ನು ಬಯಲಿಗೆಳೆದುವು. ಭಾರಿ ಮಾತಿನಲ್ಲಿ ಹೇಳಲಾಗದ ಸತ್ಯವನ್ನು ನಗುವಿನಲ್ಲಿ ಹೇಳುವ ಈ ಪದ್ಧತಿಯು ಹಳ್ಳಿಯ ಕಟ್ಟೆಯದು. ಅದನ್ನು ಅವರು ಅಚ್ಚಿನ ಪುಟಕ್ಕೆ ಏರಿಸಿದರು.

ಸ್ವಾತಂತ್ರ್ಯಾನಂತರ ಭಯದ ಮುಖವು ಬದಲಾಯಿತು. 1952ರಲ್ಲಿ ನೇಮಕವಾದ ಪ್ರಥಮ ಪತ್ರಿಕಾ ಆಯೋಗದ ಸಲಹೆಯಂತೆ 1966ರಲ್ಲಿ ಭಾರತೀಯ ಪತ್ರಿಕಾ ಮಂಡಲಿಯು ಸ್ಥಾಪಿತವಾಗಿ, ಪತ್ರಿಕೆಗಳ ನಡತೆಗೆ ಒಂದು ಕಾವಲು ದೊರೆಯಿತು. ಆದರೆ 1991ರಿಂದ ದೇಶದ ವಾಣಿಜ್ಯದ ಬಾಗಿಲುಗಳು ಲೋಕಕ್ಕೆ ತೆರೆದಮೇಲೆ, ಜಾಗತೀಕರಣವೆಂದು ಹೆಸರಾದ ಪ್ರವಾಹದಲ್ಲಿ, ಸರಕಾರದ ಜಾಮೀನಿಗಿಂತ ಸಂತೆಯ ಜಾಹೀರಾತು ಬಲಿಷ್ಠವಾಯಿತು. ಇದರ ಪರಿಣಾಮವನ್ನು ಬಳ್ಳಾರಿಯ ಸೀಮೆಯಷ್ಟು ಹತ್ತಿರದಿಂದ ಕಂಡ ಪ್ರದೇಶಗಳು ವಿರಳ. 2008ರ ಬೀಜಿಂಗ್ ಕ್ರೀಡಾಮಹೋತ್ಸವಕ್ಕೆ ಮುಂಚಿನ ವರ್ಷಗಳಲ್ಲಿ ಚೀನಾದೇಶವು ಉಕ್ಕಿಗಾಗಿ ಹಾತೊರೆದಾಗ ಸಂಡೂರು, ಹೊಸಪೇಟೆ, ಬಳ್ಳಾರಿಯ ಗುಡ್ಡಗಳ ಕೆಂಪುಮಣ್ಣಿಗೆ ಚಿನ್ನದ ಬೆಲೆ ಬಂದಿತು. ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಲೋಕಾಯುಕ್ತರಾಗಿ 2011ರ ಜುಲೈ ತಿಂಗಳಲ್ಲಿ ಒಪ್ಪಿಸಿದ ವರದಿಯು ಅಕ್ರಮ ಗಣಿಗಾರಿಕೆಯಿಂದ ರಾಜ್ಯದ ಬೊಕ್ಕಸಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿಗಳೆಂದು ತೋರಿಸಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. 1844ರಲ್ಲಿ ಕರಾವಳಿಯಿಂದ ಘಟ್ಟವನ್ನೇರಿ ಅಕ್ಷರವು ಬಳ್ಳಾರಿಗೆ ಬಂದಿತ್ತು. ನೂರರುವತ್ತು ವರ್ಷಗಳ ಬಳಿಕ ಬಳ್ಳಾರಿಯಿಂದ ಘಟ್ಟವಿಳಿದು ಅದಿರು ಕರಾವಳಿಗೆ ಹೋಯಿತು. ಬಂದ ಅಕ್ಷರವು ಹೋಗುವ ಅದಿರನ್ನು ಕಂಡು ಬರೆಯಬೇಕಾಗಿತ್ತು. ಧೈರ್ಯದಿಂದ ಬರೆದವರೂ ಇದ್ದರು. ಕಂಡೂ ಕಾಣದವರೂ ಇದ್ದರು.

ಕಂಡೂ ಕಾಣದಿರುವುದಕ್ಕೆ ಕಾರಣವನ್ನು ವ್ಯಕ್ತಿದೋಷದಲ್ಲಿಯೇ ಹುಡುಕಬಾರದು. ತಾಲೂಕುಕೇಂದ್ರದ ಬಾತ್ಮೀದಾರನಿಗೆ ಅನೇಕ ಕಡೆಗಳಲ್ಲಿ ನಿಶ್ಚಿತವಾದ ಸಂಬಳವಿಲ್ಲ. ಜಾಹೀರಾತನ್ನು ತಂದರೆ ದೊರೆಯುವ ಕಮಿಷನ್ನೇ ಜೀವನೋಪಾಯ. ಯಾರ ತಪ್ಪನ್ನು ಬರೆಯಬೇಕೋ ಅವರ ಬಾಗಿಲಲ್ಲಿಯೇ ಜಾಹೀರಾತಿಗಾಗಿ ಅವನು ನಿಲ್ಲಬೇಕು. ಈ ವ್ಯವಸ್ಥೆಯ ಫಲವೇ ಕಾಸು ಕೊಟ್ಟು ಬರೆಸಿದ ಸುದ್ದಿ. 2009ರ ಚುನಾವಣೆಯ ತರುವಾಯ ಪತ್ರಿಕಾ ಮಂಡಲಿಯು ಇಬ್ಬರು ಸದಸ್ಯರ ಉಪಸಮಿತಿಯನ್ನು ನೇಮಿಸಿ ಇದನ್ನು ವಿಚಾರಿಸಿ 2010ರಲ್ಲಿ ವರದಿಯನ್ನು ಪ್ರಕಟಿಸಿತು. ಜಾಹೀರಾತು ಜಾಹೀರಾತಿನ ವೇಷದಲ್ಲಿಯೇ ಬಂದರೆ ಓದುಗನು ಮೋಸಹೋಗನು. ಅದು ಸುದ್ದಿಯ ವೇಷವನ್ನು ಹಾಕಿದಾಗ ಓದುಗನು ತಾನು ಕೊಟ್ಟ ನಂಬಿಕೆಯನ್ನೇ ಕಳೆದುಕೊಳ್ಳುವನು. ಕಾಯಕದಿಂದ ಬಂದ ದ್ರವ್ಯವಲ್ಲದುದು ಲಿಂಗಕ್ಕೆ ಸಲ್ಲದೆಂದು ಶರಣರು ಬಗೆದರು. ಸುದ್ದಿಯ ಕಾಯಕಕ್ಕೂ ಈ ಕಟ್ಟಳೆಯು ಸಲ್ಲುವುದು. ಆದರೆ ಕಾಯಕಕ್ಕೆ ತಕ್ಕ ಕೂಲಿಯನ್ನು ಕೊಡದೆ ಕಾಯಕಶುದ್ಧಿಯನ್ನು ಮಾತ್ರ ಕೇಳುವುದು ನ್ಯಾಯವಲ್ಲವೆಂಬುದನ್ನೂ ಹೇಳಲೇಬೇಕು.

ಇನ್ನು ದೂರದೇಶಗಳ ದೃಷ್ಟಿಯು ಈ ಸೀಮೆಯ ಮೇಲೆ ಬಿದ್ದಾಗ ಒಂದು ಸೂಕ್ಷ್ಮವಾದ ಪ್ರಶ್ನೆಯು ಏಳುವುದು. ಹರಪನಹಳ್ಳಿ ಸೀಮೆಯ ಉಚ್ಚಂಗಿದುರ್ಗವೂ ಕೂಡ್ಲಿಗಿ, ಹಡಗಲಿಗಳ ಅನೇಕ ಗ್ರಾಮಗಳೂ ದೇವದಾಸೀ ಪದ್ಧತಿಯ ನೋವನ್ನು ಬಹುಕಾಲ ಅನುಭವಿಸಿದುವು. ಈ ತಾಲೂಕುಗಳು ಮದರಾಸು ಪ್ರಾಂತದಲ್ಲಿದ್ದಾಗಲೇ 1947ರ ಶಾಸನವು ಹೆಣ್ಣುಮಕ್ಕಳನ್ನು ದೇವರಿಗೆ ಅರ್ಪಿಸುವುದನ್ನು ನಿಷೇಧಿಸಿತು. ಕರ್ನಾಟಕದ 1982ರ ಶಾಸನವು ಅದನ್ನು ಮತ್ತೆ ದೃಢಪಡಿಸಿತು. ಪದ್ಧತಿಯು ಶಾಸನದೊಡನೆಯೇ ಅಳಿಯದೆ ಗುಟ್ಟಾಗಿ ಉಳಿದಾಗ ಅದನ್ನು ಹೊರಗೆಡಹಿದ ಪತ್ರಿಕೆಗಳ ಉಪಕಾರವು ದೊಡ್ಡದು. ಊರಿನ ಮಾನವೆಂಬ ನೆಪದಿಂದ ಅನ್ಯಾಯವನ್ನು ಮುಚ್ಚಿಟ್ಟವರು ಸ್ಥಳೀಯರೇ. ತೆರೆದು ತೋರಿಸಿದವರಲ್ಲಿ ಹೊರಗಿನವರು ಬಹುಮಂದಿ. ಇಲ್ಲಿ ಸ್ಥಳೀಯ ಸಂಪ್ರದಾಯಕ್ಕಿಂತ ಲೋಕದ ನೀತಿಯೇ ಮೇಲಾಯಿತೆಂದು ಸಂಕೋಚವಿಲ್ಲದೆ ಒಪ್ಪತಕ್ಕುದು.

ಆದರೆ ಈ ವಿಚಾರಕ್ಕೆ ಮತ್ತೊಂದು ಮುಖವೂ ಉಂಟು. ದೂರದಿಂದ ಬಂದ ಛಾಯಾಗ್ರಾಹಕನು ಒಂದು ದಿನ ಇದ್ದು, ಒಬ್ಬ ಹೆಂಗಸಿನ ಮುಖವನ್ನೂ ಹೆಸರನ್ನೂ ಲೋಕಕ್ಕೆಲ್ಲ ತೋರಿಸಿ ಹೊರಟುಹೋಗುವನು. ಅವಳು ಅದೇ ಊರಿನ ಬಾವಿಗೆ ನೀರಿಗೆ ಹೋಗಬೇಕು. ಅವಳ ಮಗಳು ಅದೇ ಊರಿನ ಶಾಲೆಗೆ ಹೋಗಬೇಕು. ಚಿತ್ರವು ಪ್ರಶಸ್ತಿಯನ್ನು ತಂದೀತು. ಅವಳಿಗೆ ಅದು ಬಾಳೆಲ್ಲ ಹೊರಬೇಕಾದ ಹೊರೆಯಾದೀತು. ಅನ್ಯಾಯವನ್ನು ತೆರೆದು ತೋರಿಸಬೇಕು, ಅನ್ಯಾಯಕ್ಕೆ ಸಿಕ್ಕವಳನ್ನು ಮುಚ್ಚಿ ಕಾಯಬೇಕು ಎಂಬ ವಿವೇಕವು ಇಲ್ಲಿ ಅಗತ್ಯ. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಸೂಳೆ ಸಂಕವ್ವೆಗೆ ಸ್ಥಾನವಿದ್ದಿತು. ಆಕೆಯ ಬದುಕನ್ನು ಮತ್ತೊಬ್ಬರು ವರ್ಣಿಸಲಿಲ್ಲ. ‘ನಿರ್ಲಜ್ಜೇಶ್ವರ’ನ ಅಂಕಿತದಲ್ಲಿ ಆಕೆಯೇ ತನ್ನ ಮಾತನ್ನು ಆಡಿದಳು, ಸಮೂಹವು ಅದನ್ನು ಕೇಳಿ ಉಳಿಸಿತು. ಆಕೆಯದೆಂದು ಇಂದು ದೊರೆಯುವ ವಚನವು ಒಂದೇ ಆದರೂ ಅದು ಆಕೆಯದೇ ಮಾತು. ನೊಂದವರ ವಿಷಯವಾಗಿ ಬರೆಯುವವನು ಅವರ ಅನುಮತಿಯನ್ನು ಕೇಳಿ, ಅವರ ಮಾತನ್ನು ಅವರದಾಗಿಯೇ ಉಳಿಸಬೇಕೆಂಬ ಪಾಠಕ್ಕೆ ಪರದೇಶದ ಗ್ರಂಥಗಳನ್ನು ಅರಸಿ ಹೋಗಬೇಕಾದುದಿಲ್ಲ.

ಈಚಿನ ಕಾಲದಲ್ಲಿ ಭಕ್ತರ ಮನಸ್ಸನ್ನು ಕಲಕಿದ ಮತ್ತೊಂದು ಪ್ರಸಂಗವುಂಟು. 2017ರ ಫೆಬ್ರವರಿ ತಿಂಗಳಲ್ಲಿ ಕೊಟ್ಟೂರಿನ ಶ್ರೀ ಗುರು ಬಸವೇಶ್ವರಸ್ವಾಮಿಯ ರಥೋತ್ಸವದಲ್ಲಿ ಮಹಾರಥವು ಉರುಳಿಬಿದ್ದಿತು. ಆ ದೃಶ್ಯವು ಕೈಯಲ್ಲಿ ಹಿಡಿಯುವ ದೂರವಾಣಿಗಳ ಮೂಲಕ ಅರೆಗಳಿಗೆಯಲ್ಲಿ ದೇಶಾಂತರಗಳನ್ನು ತಲುಪಿತು. ಹೊಟ್ಟೆಪಾಡಿಗಾಗಿ ಬೆಂಗಳೂರು, ಮುಂಬಯಿಗಳಿಗೆ ಹೋದ ಕೊಟ್ಟೂರಿನ ಮಕ್ಕಳು ತಮ್ಮ ತಂದೆತಾಯಿಗಳ ಸುಖವಾರ್ತೆ ತಿಳಿಯುವ ಮೊದಲೇ ತೇರು ಬೀಳುವುದನ್ನು ಕಂಡರು. ಇಂಥ ಸಮಯದಲ್ಲಿ ಪತ್ರಿಕೆಯಿಂದ ಜನರು ಅಪೇಕ್ಷಿಸುವುದು ಏನು? ಗಾಯಗೊಂಡವರು ಎಷ್ಟು ಮಂದಿ, ಅವರನ್ನು ಎಲ್ಲಿಗೆ ಸಾಗಿಸಿದರು, ರಥದ ಯಾವ ಭಾಗವು ಏಕೆ ಕೆಟ್ಟಿತು, ಮುಂದಿನ ವರ್ಷ ಹೀಗಾಗದಂತೆ ಏನು ಮಾಡಬೇಕು ಎಂಬಿಷ್ಟನ್ನು. ಇದು ಯಾವ ಅನಿಷ್ಟದ ಸೂಚನೆ, ಯಾರ ಪಾಪದ ಫಲ ಎಂಬ ಊಹೆಯು ಅಚ್ಚಿನ ಸಿಬ್ಬಂದಿಯ ಕೆಲಸವಲ್ಲ. ಬಿದ್ದುದು ತೇರೆಂಬುದು ಸಂಗತಿ. ಅದು ಅಪಶಕುನವೆಂಬುದು ವ್ಯಾಖ್ಯಾನ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನೇ ಹಗಲಿರುಳು ತಿರುಗಿಸಿದರೆ, ಅಚ್ಚು ಪರೀಕ್ಷಿಸಬೇಕಾದ ಬಡಗಿಯೂ ಅಧಿಕಾರಿಯೂ ತಂತಮ್ಮ ಹೊಣೆಯಿಂದ ಸುಲಭವಾಗಿ ಪಾರಾಗುವರು. ಭಯವನ್ನು ಮಾರುವುದರಿಂದ ವೀಕ್ಷಕರ ಸಂಖ್ಯೆಯು ಹೆಚ್ಚೀತು; ಮುಂದಿನ ಜಾತ್ರೆಯಲ್ಲಿ ಮಿಣಿ ಹಿಡಿದೆಳೆಯುವವರ ಪ್ರಾಣರಕ್ಷಣೆಯಾಗದು.

ದೂರದ ಲೋಕವು ಒಳಿತನ್ನು ಹೊತ್ತು ಬರುವುದೂ ಉಂಟು. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆಯು ಸುಮಾರು 98 ಹೆಕ್ಟೇರುಗಳಷ್ಟಿದ್ದು ಹಕ್ಕಿಗಳ ಬೀಡಾಗಿದೆ. 2024ರಲ್ಲಿ ಅದಕ್ಕೆ ರಾಮ್‌ಸಾರ್ ತಾಣವೆಂಬ ಮನ್ನಣೆ ದೊರೆಯಿತು. ಇರಾನದ ರಾಮ್‌ಸಾರ್ ಪಟ್ಟಣದಲ್ಲಿ 1971ರಲ್ಲಿ ಆದ ಒಡಂಬಡಿಕೆಯೊಂದು ನಮ್ಮ ಸೀಮೆಯ ಹಳ್ಳಿಯ ಕೆರೆಯ ಹೆಸರನ್ನು ಲೋಕದ ಪಟ್ಟಿಯಲ್ಲಿ ಬರೆಯಿಸಿತು. ಮನ್ನಣೆಯನ್ನು ಸಂಭ್ರಮದಿಂದ ಬರೆಯುವುದು ಸುಲಭ. ಕೆರೆಗೆ ನೀರು ವರ್ಷವರ್ಷ ಬರುತ್ತಿದೆಯೇ, ಸುತ್ತಣ ಒಕ್ಕಲಿಗನ ಬೆಳೆಯೂ ಮೀನುಗಾರನ ಬಲೆಯೂ ಏನಾದುವು ಎಂದು ಕೇಳಿ ಬರೆಯುವುದು ಸ್ಥಳದಲ್ಲಿರುವವನಿಂದಲೇ ಆಗಬೇಕು. ಅಂತೆಯೇ ಹರಪನಹಳ್ಳಿ ತಾಲೂಕು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿ ಪತ್ರಿಕೆಗಳ ಜಿಲ್ಲಾಪುಟಗಳಲ್ಲಿ ಅಲೆಯಿತು. ಪುಟವು ಬದಲಾದರೂ ಅಲ್ಲಿಯ ಜನರ ಕಷ್ಟಸುಖಗಳು ಬದಲಾಗಲಿಲ್ಲ. ಅವುಗಳನ್ನು ಎಡೆಬಿಡದೆ ಬರೆಯಲು ಊರಿನಲ್ಲಿ ಬೇರೂರಿದವನೇ ಬೇಕು.

ಇಷ್ಟು ವಿಚಾರಿಸಿದ ಮೇಲೆ ತೋರುವುದೇನೆಂದರೆ, ಲೋಕದಿಂದ ಬಂದುದೆಲ್ಲವೂ ಕೇಡಲ್ಲ, ನೆಲದಲ್ಲಿ ಹುಟ್ಟಿದುದೆಲ್ಲವೂ ಒಳ್ಳೆಯದಲ್ಲ. ಲೋಕದ ನೀತಿಯು ಸ್ಥಳೀಯನಿಗೆ ಧೈರ್ಯವನ್ನು ಕೊಡಬೇಕು. ಸ್ಥಳದ ಸಂಬಂಧವು ಲೋಕದವನಿಗೆ ಕರುಣೆಯನ್ನು ಕಲಿಸಬೇಕು. ಊರಿನ ನೆಂಟಸ್ತಿಕೆ, ಜಾತಿಯ ದಾಕ್ಷಿಣ್ಯ, ದೊಡ್ಡಮನೆಯ ಭಯ ಇವು ಸತ್ಯವನ್ನು ನುಂಗುವಲ್ಲಿ ಯಾವ ವಿದೇಶೀ ಬಂಡವಾಳಕ್ಕೂ ಕಡಮೆಯಲ್ಲ.

ಮಠಗಳಾದರೂ ಈ ಪರೀಕ್ಷೆಗೆ ಹೊರತಲ್ಲ. ಉತ್ಸವದ ಮೆರವಣಿಗೆಯನ್ನೂ ಆಶೀರ್ವಚನವನ್ನೂ ಪತ್ರಿಕೆಯು ಅಚ್ಚುಮಾಡಿದಾಗ ಭಕ್ತರು ಹರ್ಷಿಸುವರು. ಮಠದ ಲೆಕ್ಕಪತ್ರವನ್ನೋ ಆಡಳಿತವನ್ನೋ ಕುರಿತು ಪ್ರಶ್ನೆಯನ್ನು ಕೇಳಿದಾಗ ಕೆಲವರು ಕೋಪಿಸುವರು. ಪ್ರಶ್ನೆಯು ಸುಳ್ಳಾದರೆ ದಾಖಲೆಯಿಂದ ಉತ್ತರಿಸಬೇಕು, ನಿಜವಾದರೆ ತಿದ್ದಿಕೊಳ್ಳಬೇಕು. ಶರಣರ ಗೋಷ್ಠಿಯಲ್ಲಿ ಪ್ರಶ್ನೆಯನ್ನು ಕೇಳಿದವನು ದ್ರೋಹಿಯೆನಿಸಲಿಲ್ಲ. ಭಕ್ತರು ಪತ್ರಿಕೆಯಿಂದ ಸತ್ಯವನ್ನು ಅಪೇಕ್ಷಿಸುವರಾದರೆ, ತಮಗೆ ಅಪ್ರಿಯವಾದ ಸತ್ಯವನ್ನೂ ಕೇಳುವ ಮೌನವನ್ನು ಅಭ್ಯಾಸಮಾಡಬೇಕು. ಸುದ್ದಿಯೊಂದು ಕೈಗೆ ಬಂದ ಕೂಡಲೆ ನಾಲ್ಕು ಜನರಿಗೆ ದಾಟಿಸದೆ, ಇದನ್ನು ಕಂಡವರು ಯಾರು, ಕೇಳಿದವರು ಯಾರು ಎಂದು ಒಂದು ಗಳಿಗೆ ವಿಚಾರಿಸುವ ಭಕ್ತನು ಸಂಪಾದಕನಷ್ಟೇ ಸತ್ಯಸೇವೆಯನ್ನು ಮಾಡಿದವನಾಗುವನು.

ಮೈಲಾರದ ಮರಡಿಯಲ್ಲಿ ‘ಸದ್ದಲೇ’ ಎಂಬ ಕೂಗು ವರ್ಷಕ್ಕೊಮ್ಮೆ ಕೇಳಿಸುವುದು. ಆ ಮೌನವು ಓದುವವರ ಮನೆಗಳಲ್ಲಿಯೂ ಬರೆಯುವವರ ಕಚೇರಿಗಳಲ್ಲಿಯೂ ದಿನಕ್ಕೊಮ್ಮೆಯಾದರೂ ನೆಲಸಲಿ. ಈ ಐದು ತಾಲೂಕುಗಳ ನುಡಿಯು ಬಾಗಳಿಯ ಕಲ್ಲಿನ ಬರಹದಂತೆ ಎಲ್ಲೆ ತಪ್ಪದೆ ನಿಲ್ಲಲಿ. ಸರ್ವರಿಗೂ ಸತ್ಯದಲ್ಲಿ ನಿಷ್ಠೆಯನ್ನೂ, ನೊಂದವರಲ್ಲಿ ದಯೆಯನ್ನೂ ಪರಶಿವನು ಕರುಣಿಸಲಿ. ಲೋಕಕ್ಕೆ ಮಂಗಳವಾಗಲಿ.